ಒಣಮೀನು ನಿಜ, ಮುದುಕಿ ಸುಳ್ಳು

ಕೊಲ್ಲಿ ದೇಶದ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ವೇದಿಕೆಗೆ ಒಣಮೀನು ತಂದವರು ಅಪ್ಪಟ ಸಸ್ಯಾಹಾರಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಎಂಜಿನಿಯರು, ಸೀಫ್ ಬಡಾವಣೆಯ ಆಫೀಸಿನಲ್ಲಿ ನನ್ನ ಗಂಡನ ಪಕ್ಕದ ಕುರ್ಚಿಯವರು, ಆ ವರ್ಷದ ನಾಟಕಕ್ಕೆ ನಿರ್ದೇಶಕರು. ಅವರಿಗೆ ಹತ್ತೊಂಬತ್ತನೇ ಶತಮಾನದ ಅಮೆರಿಕದ ಕತೆಗಳ ಹುಚ್ಚು. ನಾಟಕವನ್ನೂ ಅದೇ ಜಾಡಿನಲ್ಲಿ ತಾವೇ ಬರೆದಿದ್ದರು. ಕಡಲತೀರದ ಒಬ್ಬ ಮುದುಕಿ, ಸತ್ತ ಮಗನ ದೋಣಿಯನ್ನು ಮಾರುವ ದಿನ. ಮುದುಕಿ ನಾನು.

ರಿಫಾದ ನಮ್ಮ ಫ್ಲ್ಯಾಟಿನಲ್ಲೇ ರಿಹರ್ಸಲ್. ಮೊದಲ ದಿನ ಅರ್ಧ ಗಂಟೆ ಪಾಠವಾಯಿತು.

"ಸಿವಿಲ್ ವಾರ್ ಮುಗಿದ್ಮೇಲೆ ಅಲ್ಲಿನ ರೈಟರ್ಸ್‌ಗೆ ಕೋಟೆ, ರಾಜಕುಮಾರಿ ಎಲ್ಲ ಸಾಕಾಗೋಯ್ತು ಮೇಡಂ. ತಮ್ಮೂರ ಜನ ಹೆಂಗಿದ್ರೋ ಹಂಗೇ ಬರೆದ್ರು. ನದಿ ಕಡೆಯೋನು ನದಿ ಕಡೆಯೋನ ಥರಾನೇ ಮಾತಾಡ್ತಾನೆ, ಗಣಿಯೋನು ಗಣಿಯೋನ ಥರ. ಅದೇ ರಿಯಲಿಸಂ!"

ಕೇಳಿ ನನಗೆ ಖುಷಿಯೋ ಖುಷಿ. ಆಮೇಲೆ ನನ್ನ ಪಾತ್ರದ ಮಾತುಗಳನ್ನು ಕೈಗಿಟ್ಟರು. "ಹಾ ವಿಧಿಯೇ, ನನ್ನ ಕುವರನ ನೌಕೆಯನ್ನು ಅನ್ಯರಿಗೆಂತು ಒಪ್ಪಿಸಲಿ?"

"ಸರ್, ಈ ಮುದ್ಕಿ ಮೀನ್ ಒಣಗ್ಸುವಳಾ, ಪುರಾಣ ಓದುವಳಾ?" ಅಂದೆ. "ನಮ್ ಕುಂದಾಪ್ರ ಭಾಷಿಯಂಗೆ ಹೇಳ್ಲಾ?"

"ಅಯ್ಯೋ, ಕಾಮಿಡಿ ಆಗ್ಬಿಡತ್ತೆ ಮೇಡಂ. ಜನ ನಗ್ತಾರೆ."

ಸೋಫಾದಲ್ಲಿದ್ದ ನನ್ನ ಗಂಡ ಹೌದೆಂದು ತಲೆಯಾಡಿಸಿದರು. ಅವರು ಮೈಸೂರಿನವರು. ಮದುವೆಯಾದಂದಿನಿಂದ ನನ್ನ ಕನ್ನಡವನ್ನು ತಿದ್ದುವುದೇ ಅವರ ದೇಶಸೇವೆ. ನೆಂಟರೆದುರು ನಾನು "ಬರ್ತಿಲ್ಲೆ" ಅಂದರೆ ಸಾಕು, "ಬರೋಲ್ಲ ಅನ್ನು" ಎಂದು ಮಧ್ಯೆ ಬಾಯಿ ಹಾಕುತ್ತಿದ್ದರು. ತಿದ್ದಿಸಿಕೊಂಡು ತಿದ್ದಿಸಿಕೊಂಡು ನನಗೆ ಮಾತೇ ಬೇಡವಾಗಿತ್ತು. ಸಂಘದವರು ಮನೆಗೆ ಬಂದರೆ ಬೋಂಡ ಹಂಚಿ ಹಲ್ಲು ಕಿರಿದು ಒಳಗೆ ಹೋಗುತ್ತಿದ್ದೆ. ನಾಟಕಕ್ಕೆ ಒಪ್ಪಿದ್ದು ಕಲೆಯ ಮೇಲಿನ ಪ್ರೀತಿಯಿಂದೇನೂ ಅಲ್ಲ. ಈ ಜನರೆದುರು ಒಂದು ಸಲವಾದರೂ ಬಾಯಿ ಬಿಡಬೇಕು, ಅವರು ನಡುವೆ ತಿದ್ದದೆ ಕೊನೆಯವರೆಗೂ ಕೇಳಬೇಕು. ಅಷ್ಟೇ ನನ್ನ ಆಸೆ.

ನನ್ನ ನಾಲಿಗೆಗೆ ಸಿಗದ ರಿಯಲಿಸಂ ವೇದಿಕೆಗೆ ಮಾತ್ರ ಧಾರಾಳವಾಗಿ ಸಿಕ್ಕಿತು. ನಿಜವಾದ ಬಲೆ, ನಿಜವಾದ ಹಗ್ಗ, ದೋಣಿ ನಡೆಸುವ ನಿಜವಾದ ಹುಟ್ಟು. ಸಾಲದ್ದಕ್ಕೆ ಮನಾಮದ ಮಾರ್ಕೆಟ್ಟಿನಿಂದ ಒಂದು ಚೀಲ ಒಣಮೀನು! ಜೀವಮಾನದಲ್ಲಿ ಮೀನು ಮುಟ್ಟದ ಪುಣ್ಯಾತ್ಮರಿಗೆ ಅದು ಎಷ್ಟು ದೂರ ನಾರುತ್ತದೆಂದು ಹೇಗೆ ತಿಳಿಯಬೇಕು? ಬಾಗಿಲು ಮುಚ್ಚಿದ ಎ.ಸಿ. ಸಭಾಂಗಣ ಬೇರೆ. ಪರದೆ ಏಳುವ ಹೊತ್ತಿಗೆ ಮುಂದಿನ ಸಾಲಿನ ಗಣ್ಯರೆಲ್ಲ ಮೂಗಿಗೆ ಕರ್ಚೀಫು ಒತ್ತಿ ಕೂತಿದ್ದರು, ನನ್ನ ಗಂಡನೂ ಸೇರಿ.

"ಹಾ ವಿಧಿಯೇ" ಅಂದೆ. ಯಾರೋ ಆಕಳಿಸಿದರು. ದೋಣಿ ಕೊಳ್ಳುವವನ ಪಾತ್ರದವನು, ಪಾಪ, ಬ್ಯಾಂಕಿನ ಮನುಷ್ಯ, ಹುಟ್ಟಿಗಾಗಿ ಕೈ ಚಾಚಿದ. ಅದನ್ನು ಕೊಟ್ಟರೆ ದೋಣಿ ಮಾರಿದಂತೆ. ನಾನು ಅತ್ತು ಕೊಟ್ಟುಬಿಡಬೇಕು, ಅಲ್ಲಿಗೆ ನಾಟಕ ಮುಗಿಯಬೇಕು. ಆದರೆ ಆ ಮೀನಿನ ವಾಸನೆಗೆ ನನ್ನ ಅಜ್ಜಿ ಮೀನು ಒಣಗಿಸುತ್ತಿದ್ದ ಅಂಗಳವೇ ಎದುರಿಗೆ ಬಂದು ನಿಂತಿತ್ತು. ಅಲ್ಲಿ ಯಾರೂ "ಎಂತು ಒಪ್ಪಿಸಲಿ" ಅಂದದ್ದನ್ನು ನಾನು ಕೇಳಿಲ್ಲ.

"ಕೊಡುದಿಲ್ಲೆ ಮಾರಾಯಾ," ಅಂದುಬಿಟ್ಟೆ.

ಇಡೀ ಸಭಾಂಗಣವೇ ಗೊಳ್ಳೆಂದು ನಕ್ಕಿತು. ನಿರ್ದೇಶಕರು ಹೇಳಿದ್ದು ಸುಳ್ಳಾಗಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ಹ್ವಾಯ್, ಎಂತಕ್ ನೆಗಾಡ್ತ್ರಿ? ನನ್ ಮಗ ಸತ್ತದ್ದ್ ನಿಮ್ಗೆ ತಮಾಷಿಯಾ? ಅಂವ ಕೂಕಂಡಿದ್ ಜಾಗ ಅಂದೇಳಿ ನಂಗೆ ಇದೊಂದೇ ಇಪ್ಪುದ್. ಇದನ್ನೂ ಕೊಟ್ರೆ ನಾನ್ ಎಲ್ ಹೋಯಿ ಕೂಕಣ್ಕ್?"

ನಗು ಗಕ್ಕನೆ ನಿಂತಿತು. ಹಿಂದಿನ ಸಾಲುಗಳಲ್ಲಿ ಹೂರಾ ಪೇಟೆಯ ಅಂಗಡಿಯವರು, ಡ್ರೈವರುಗಳು ಕೂತಿದ್ದರು. ಅಲ್ಲಿಂದ ಒಂದು ದನಿ ಬಂತು: "ಕೊಡ್ಬೇಡಿ ಅಮ್ಮ! ಎಂತದೂ ಕೊಡ್ಬೇಡಿ!"

ಕೊಡಲಿಲ್ಲ. ಹುಟ್ಟನ್ನು ತಬ್ಬಿಕೊಂಡು ನೆಲಕ್ಕೆ ಕೂತೆ. ಅಳು ತಾನಾಗಿಯೇ ಬಂತು. ಬ್ಯಾಂಕಿನ ಮನುಷ್ಯ ಕಕ್ಕಾಬಿಕ್ಕಿಯಾಗಿ, "ಸರಿ, ಹಾಗಾದ್ರೆ ನಾಳೆ ಬರ್ತೀನಿ" ಎಂದು ಹೊರಟೇ ಹೋದ. ಪರದೆ ಬಿತ್ತು.

ನಿರ್ದೇಶಕರು ಓಡಿ ಬಂದರು. "ಏನ್ಮೇಡಂ ಇದು, ಕ್ಲೈಮ್ಯಾಕ್ಸೇ ಎಗರಿಸಿಬಿಟ್ರಲ್ಲ!"

"ಮುದ್ಕಿ ಕೊಡುದಿಲ್ಲೆ ಅಂದ್ಲ್ ಸರ್. ನಾನ್ ಎಂತ ಮಾಡುದ್?"

ಅವರು ತಲೆ ಕೆರೆದುಕೊಂಡು ಮೀನನ್ನು ಚೀಲಕ್ಕೆ ತುಂಬಿಸಲು ಹೋದರು.

ರಿಫಾಕ್ಕೆ ವಾಪಸು ಹೋಗುವಾಗ ಕಾರಿನ ಕಿಟಕಿಗಳೆಲ್ಲ ತೆರೆದಿದ್ದವು. ನನ್ನ ಸೀರೆ ಇನ್ನೂ ನಾರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಗಂಡ ಕೇಳಿದರು, "ಅಲ್ಲ ಕಣೇ, ನಾಳೆ ಅವನು ಮತ್ತೆ ಬಂದ್ರೆ?"

"ಬಂದ್ರೂ ಕೊಡುದಿಲ್ಲೆ," ಅಂದೆ.

ಅವರ ಬಾಯಿ ತೆರೆಯಿತು. ನಾನು ಕಾದೆ. ಸಿಗ್ನಲ್ ಹಸಿರಾಯಿತು.

"ಬೇಡ, ಕೊಡಬೇಡ," ಎಂದು ಗೇರ್ ಹಾಕಿದರು.