ಐವತ್ತೊಂದು ರೊಟ್ಟಿಯ ಸೋಲೋ ರೈಡ್

"ಯಾರ್ ಮಗೂನಮ್ಮ ಅದು?"

ಸುತ್ತ ನಿಂತಿದ್ದ ಹದಿನೈದಿಪ್ಪತ್ತು ಜನ ಒಮ್ಮೆಲೇ ನನ್ನತ್ತ ತಿರುಗಿದರು. ಮೇಲೆ ಧೋ ಎಂದು ಮಳೆ. ಮುಂದೆ ರಸ್ತೆಯನ್ನೇ ನುಂಗಿ ಹರಿಯುತ್ತಿರುವ ಕೆರೆ ಕೋಡಿ. ನಡುವೆ ನಾನು, ನನ್ನ ಬೈಕು, ಮತ್ತು ಎದೆಗೆ ದುಪಟ್ಟಾದಲ್ಲಿ ಬಿಗಿದು ಕಟ್ಟಿಕೊಂಡ ಒಂದು ಗಂಟು. ಗಂಟಿನೊಳಗೆ ಮಗು ಇರಲಿಲ್ಲ ಕಣ್ರೀ. ಐವತ್ತೊಂದು ಜೋಳದ ಖಡಕ್ ರೊಟ್ಟಿ ಇದ್ದವು. ಹಾಗಂತ ಹೇಳಿದರೆ ಆ ಹೊತ್ತಿನಲ್ಲಿ ಯಾರು ನಂಬುತ್ತಾರೆ?

ಇರಿ, ಮೊದಲಿನಿಂದ ಹೇಳುತ್ತೇನೆ.

ಗದಗಿನ ಕಡೆಯವಳಾದ ನಾನು ಕೆಜಿಎಫ್‌ನ ಫ್ಯಾಕ್ಟರಿಗೆ ಬಂದು ಹದಿನೆಂಟು ವರ್ಷವಾಯಿತು. ಒಬ್ಬಳೇ ಬೈಕಿನಲ್ಲಿ ಊರಿಗೆ ಹೋಗಿ ಬರಬೇಕು ಎಂಬ ಹುಚ್ಚು ಹಿಡಿದೂ ಹೆಚ್ಚುಕಡಿಮೆ ಅಷ್ಟೇ ವರ್ಷ. ನಲವತ್ತೈದು ದಾಟಿತು, ಇನ್ನು ಯಾವಾಗ? ರಜೆ ಹಾಕಿದೆ, ಗಾಡಿ ಸರ್ವಿಸ್ ಮಾಡಿಸಿದೆ, ಹೊರಟೇಬಿಟ್ಟೆ. (ನಮ್ಮನೆಯವರು ಎರಡು ದಿನ ಮಾತು ಬಿಟ್ಟಿದ್ದರು. ಮೂರನೇ ದಿನ ಟೈರಿನ ಗಾಳಿ ಚೆಕ್ ಮಾಡಿಸಿಕೊಂಡು ಬಂದರು.)

ಹೊರಡುವಾಗ ಆಂಡರ್ಸನ್‌ಪೇಟೆಯ ನಮ್ಮ ಮೆಕ್ಯಾನಿಕ್ ಒಂದು ಮಾತು ಹೇಳಿದ್ದ. "ನಮ್ ಮಳೆ ಮದ್ರಾಸಿಂದ ಬರೋದು ಮೇಡಂ. ಬೆಂಗ್ಳೂರ್ ನೋಡ್ಬೇಡಿ, ಮದ್ರಾಸ್ ನೋಡಿ." ನಾನು ನಕ್ಕೆ. ಮಳೆ ಪಶ್ಚಿಮದಿಂದ ಬರುತ್ತದೆ ಎಂದು ಶಾಲೆಯಲ್ಲಿ ಕಲಿತವಳು ನಾನು. ಇವನು ನನಗೆ ಹೇಳುತ್ತಾನಾ?

ಹೋಗುವ ದಾರಿ ಸ್ವರ್ಗ. ಚಿತ್ರದುರ್ಗ ದಾಟಿದ ಮೇಲೆ ಹೆಲ್ಮೆಟ್ಟಿನೊಳಗೆ ಜೋರಾಗಿ ಹಾಡು ಹೇಳಿಕೊಂಡೆ. ಕೇಳುವವರಿಲ್ಲ, ಬೇಡ ಅನ್ನುವವರಿಲ್ಲ. ಎರಡು ದಿನ ಊರು, ಒಂದು ದಿನ ಬಾದಾಮಿ. ವಾಪಸು ಹೊರಡುವ ಹಿಂದಿನ ದಿನ ರೋಣದ ಹತ್ತಿರದ ಹಳ್ಳಿಯಲ್ಲಿ ಗಂಗವ್ವನ ಮನೆಗೆ ಹೋದೆ. ಗಂಗವ್ವ ಅಂದರೆ ರೇಣುಕಾಳ ತಾಯಿ. ರೇಣುಕಾ ಅಂದರೆ ನಮ್ಮ ಫ್ಯಾಕ್ಟರಿಯವಳೇ, ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆ. ಏಳು ತಿಂಗಳ ಬಸುರಿ. ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಕುಬಸ, ಅಂದರೆ ಸೀಮಂತ, ಕೆಜಿಎಫ್‌ನಲ್ಲೇ ಇಟ್ಟುಕೊಂಡಿದ್ದರು.

ನಮ್ಮ ಕಡೆ ಕುಬಸಕ್ಕೆ ತವರಿನಿಂದ ಬುತ್ತಿ ಬರಬೇಕು. ತವರಿನವರೇ ಹೊತ್ತು ತರಬೇಕು. ಆದರೆ ಗಂಗವ್ವ ಅಂಗಳದಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್. ಮಗ ಸೈನ್ಯದಲ್ಲಿ, ಎಲ್ಲೋ ಹಿಮದಲ್ಲಿ. ಸೊಸೆ ಹಸಿ ಬಾಣಂತಿ. ಬರುವವರು ಯಾರು?

ಆಕೆ ಕುರ್ಚಿಯ ಮೇಲೆ ಕೂತು, ಕಾಲು ಮಣೆಯ ಮೇಲೆ ಚಾಚಿಕೊಂಡೇ ಐವತ್ತೊಂದು ರೊಟ್ಟಿ ಬಡಿದಿದ್ದಳು. ಕೊರಿಯರ್ ಮಾಡೋಣವೇ ಎಂದೆ. ಹಿಟ್ಟಾಗಿ ಮುಟ್ಟುತ್ತವೆ ಎಂದಳು. ಸ್ಟೀಲ್ ಡಬ್ಬಿ? ಅದರಲ್ಲಿ ಗಡಗಡ ಬಡಿದುಕೊಂಡು ಮುರಿಯುತ್ತವಂತೆ. ತನ್ನದೊಂದು ಹಳೇ ಕಾಟನ್ ಸೀರೆಯಲ್ಲಿ ಪದರ ಪದರವಾಗಿ ಸುತ್ತಿ ನನ್ನ ಕೈಗಿಟ್ಟಳು.

"ರೊಟ್ಟಿ ಮುರಿಯೂ ಮುಂದ ನಂಗ ಫೋನ್ ಹಚ್ಚವಾ. ಸಪ್ಪಳ ಕೇಳಬೇಕು ನಾ. ಕಟ್ ಅಂತ ಸಪ್ಪಳ ಬಂತಂದ್ರ, ನಾನ ಬಂದಂಗ."

ಅಲ್ಲಿಗೆ ನನ್ನ ಸೋಲೋ ರೈಡ್ ಮುಗಿಯಿತು. ಐವತ್ತೊಂದು ಸಹಪ್ರಯಾಣಿಕರು! ಹಿಂದೆ ಕಟ್ಟಿದರೆ ಹಂಪ್‌ಗಳಲ್ಲಿ ಪುಡಿಯಾದಾವು ಎಂದು ಗಂಟನ್ನು ಟ್ಯಾಂಕಿನ ಮೇಲೆ ಕೂರಿಸಿ ಎದೆಗೆ ಆನಿಸಿಕೊಂಡೆ. ತುಮಕೂರಿನವರೆಗೆ ಚೊಕ್ಕ ಬಿಸಿಲು. ರಾತ್ರಿ ಅಲ್ಲಿ ಚಿಕ್ಕಪ್ಪನ ಮಗಳ ಮನೆ. ಬೆಳಿಗ್ಗೆ ಮೊಬೈಲ್ ನೋಡಿದೆ, ಗದಗ ಬಿಸಿಲು, ಬೆಂಗಳೂರು ಮೋಡ ಅಷ್ಟೇ. ಬ್ಯಾಗ್ ಭಾರ ಎಂದು ರೇನ್ ಪ್ಯಾಂಟು, ಪ್ಲಾಸ್ಟಿಕ್ ಶೀಟು ಎರಡನ್ನೂ ಅಲ್ಲೇ ಬಿಟ್ಟೆ. ಮದ್ರಾಸ್ ನೋಡಿದೆನಾ? ನೋಡಲಿಲ್ಲ.

ಹೊಸಕೋಟೆ ದಾಟುತ್ತಲೇ ಮೊದಲ ಹನಿ. ನರಸಾಪುರಕ್ಕೆ ಬರುವಷ್ಟರಲ್ಲಿ ಕಣ್ಣು ಬಿಡಲಾಗದ ಮಳೆ. ಬಸ್‌ಸ್ಟಾಪಿನಲ್ಲಿ ನಿಂತು ಮೊಬೈಲ್ ನೋಡಿದರೆ ಚೆನ್ನೈ ಬಳಿ ಸೈಕ್ಲೋನ್ ದಡ ಮುಟ್ಟುತ್ತಿದೆ ಎಂಬ ಸುದ್ದಿ. ಕುಬಸ ಹನ್ನೆರಡಕ್ಕೆ. ಗಂಟೆ ಒಂಬತ್ತೂವರೆ. ಇರುವುದು ಒಂದೇ ರೇನ್‌ಕೋಟು. ನನಗೋ, ರೊಟ್ಟಿಗೋ?

ನಾನು ಒದ್ದೆಯಾದರೆ ಒಣಗುತ್ತೇನೆ. ರೊಟ್ಟಿ?

ಕೋಟನ್ನು ಗಂಟಿಗೆ ತೊಡಿಸಿ, ತೋಳುಗಳನ್ನು ಹಿಂದೆ ಕಟ್ಟಿ, ಮೇಲೆ ದುಪಟ್ಟಾ ಬಿಗಿದೆ. ಹೊರಟೆ. ಬೂಟಿನೊಳಗೆ ನೀರು, ಬೆನ್ನೊಳಗೆ ನೀರು, ಲಾರಿಗಳು ಎರಚುವ ಕೆಂಪು ನೀರು ಬೇರೆ. ನಿಜ ಹೇಳಲೇ? ಅಷ್ಟು ಖುಷಿ ನನಗೆ ಹೋಗುವಾಗಿನ ಬಿಸಿಲಿನಲ್ಲೂ ಆಗಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿವೆ, ಬಾಯಲ್ಲಿ ಹಾಡು.

ಬಂಗಾರಪೇಟೆ ದಾಟಿದ ಮೇಲೆ ಮುಖ್ಯರಸ್ತೆಗೆ ಮರ ಬಿದ್ದಿತ್ತು. ಅಲ್ಲಿದ್ದವರು ಕಾಮಸಮುದ್ರದ ಕಡೆಯ ಹಳ್ಳಿ ದಾರಿ ತೋರಿಸಿದರು. ಹೋದೆ. ಮೂರು ಹಳ್ಳಿ ಆದ ಮೇಲೆ ನೋಡಿದರೆ ರಸ್ತೆಯೇ ಇಲ್ಲ, ಕೋಡಿ ಬಿದ್ದ ಕೆರೆಯ ನೀರು ಮೊಣಕಾಲುದ್ದ ಹರಿಯುತ್ತಿದೆ. ಆದರೆ ಅಲ್ಲಿದ್ದ ಜನಕ್ಕೋ ಹಬ್ಬ! ಒಬ್ಬರು ಅರಿಶಿನ ಕುಂಕುಮ ಬಿಡುತ್ತಿದ್ದಾರೆ, ಇಬ್ಬರು ಬಲೆ ಹಾಕಿದ್ದಾರೆ, ಉಳಿದವರೆಲ್ಲ ಫೋಟೋ. ನಾನು ಬೈಕ್ ನಿಲ್ಲಿಸಿ, ದರಿದ್ರ ಮಳೆ ಎಂದು ಗಟ್ಟಿಯಾಗಿಯೇ ಬೈದೆ.

ಗೋಣಿಚೀಲ ಕೊಪ್ಪೆ ಹಾಕಿಕೊಂಡಿದ್ದ ಅಜ್ಜಿಯೊಬ್ಬರು ತಿರುಗಿದರು. "ಮಳೇನ ಬಯ್ಬ್ಯಾಡಮ್ಮ. ಈ ಕೆರೆ ಕೋಡಿ ಬಿದ್ದಿದ್ ನೋಡಿ ಎಷ್ಟ್ ವರ್ಸ ಆಗಿತ್ತೋ" ಎಂದವರ ಕಣ್ಣು ನನ್ನ ಗಂಟಿನ ಮೇಲೆ ಬಿತ್ತು. ಹಳೇ ಸೀರೆಯ ಅಂಚು ಹೊರಗೆ ಇಣುಕುತ್ತಿತ್ತು. ಮುಖದ ಬಣ್ಣವೇ ಬದಲಾಯಿತು.

"ಏಳೋರು ಕೇಳೋರು ಯಾರೂ ಇಲ್ವೇನಮ್ಮ ನಿಂಗೆ? ಮಗೀನ ಮೊಕಾನೇ ಮುಚ್ಬಿಟ್ಟಿದ್ಯಲ್ಲ, ಉಸ್ರೆಂಗ್ ಆಡ್ತದೆ ಅದು?"

ಎನ್ನುತ್ತಲೇ ಕೋಟಿನ ಗುಂಡಿಗೆ ಕೈ ಹಾಕಿದರು. ತೆಗೆಯಬೇಡಿ ಎಂದು ನಾನು ಕಿರುಚಿ ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟೇ ಸಾಕಾಯಿತು. ಯಾರ ಮಗು ಎಂಬ ಪ್ರಶ್ನೆ ಬಂದಿದ್ದು ಆಗಲೇ. ಬಲೆ ಹಾಕಿದ್ದವರೂ ಬಲೆ ಬಿಟ್ಟು ಬಂದರು. ಒಬ್ಬಳೇ ಹೆಂಗಸು, ಬೈಕು, ಈ ಭಾಗದ ಮಾತಲ್ಲ, ಎದೆಗೆ ಕಟ್ಟಿದ ಕೂಸು, ಮುಖ ತೋರಿಸುವುದಿಲ್ಲ ಅಂತಾಳೆ. ಅವರ ಜಾಗದಲ್ಲಿ ನಾನಿದ್ದರೂ ಅನುಮಾನ ಪಡುತ್ತಿದ್ದೆ.

ಬಿಚ್ಚಿ ತೋರಿಸಿದರೆ ರೊಟ್ಟಿ ಹೋಯಿತು. ತೋರಿಸದಿದ್ದರೆ ನಾನು ಹೋದೆ. ಕೊನೆಗೆ ಅಜ್ಜಿಯ ಒದ್ದೆ ಕೈಯನ್ನು ಅವರ ಸೆರಗಿನಿಂದಲೇ ಒರೆಸಿ, ಕೋಟಿನ ಕೆಳಗಿನಿಂದ ಸೀರೆಯ ಮಡಿಕೆಯೊಳಗೆ ಮೆಲ್ಲಗೆ ಬಿಟ್ಟುಕೊಂಡು, ನೀವೇ ಮುಟ್ಟಿ ನೋಡಿ ಎಂದೆ. ಅಜ್ಜಿ ತಡಕಾಡಿದರು. ಒತ್ತಿದರು. ಒಳಗೆ ಕಟ್ ಎಂದಿತು.

ಅಜ್ಜಿ ಬೆಚ್ಚಿ ಕೈ ಎಳೆದುಕೊಂಡರು. ಬೆರಳಲ್ಲಿ ರೊಟ್ಟಿಯ ಚೂರು. ಮೂಸಿದರು, ಬಾಯಿಗೆ ಹಾಕಿಕೊಂಡರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು.

"ರೊಟ್ಟಿ ಕಣ್ರಲಾ" ಎಂದರು.

ಅದೇನು ನಗು! ಕೋಡಿಯ ಸದ್ದೂ ಕೇಳದಷ್ಟು ನಗು. ಬಸುರಿಗೆ, ಅವಳ ತಾಯಿ ಕಳಿಸಿದ್ದು, ಹನ್ನೆರಡಕ್ಕೆ ಮುಟ್ಟಬೇಕು ಎಂದು ನಾನು ಹೇಳುತ್ತಿದ್ದಂತೆ ಅಜ್ಜಿ ದಂಡನಾಯಕಿಯಾದರು. ಮಗನಿಗೆ ಟ್ರ್ಯಾಕ್ಟರ್ ತಿರುಗಿಸಲು ಹೇಳಿದರು. ನಾಲ್ಕು ಜನ ಬೈಕನ್ನು ಎತ್ತಿ ಟ್ರೈಲರ್‌ಗೆ ಹಾಕಿ ಹಿಡಿದುಕೊಂಡರು. ಅಜ್ಜಿ ಟಾರ್ಪಾಲ್ ಹೊದ್ದು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮಗು ಅಳುತ್ತಿದೆಯಾ ಎಂದು ಒಬ್ಬ ರೇಗಿಸಿದ. ಹಾಲು ಕುಡಿದು ಮಲಗಿದೆ, ನೀನು ಗಾಡಿ ಗಟ್ಟಿಯಾಗಿ ಹಿಡಿದುಕೋ ಎಂದು ಗದರಿದರು.

ಆಚೆ ದಡದಲ್ಲಿ ಗಂಟು ಕೊಡುವ ಮೊದಲು ಮಡಿಲಲ್ಲಿದ್ದ ಅವರೆಕಾಯಿಯನ್ನೆಲ್ಲ ನನ್ನ ಬ್ಯಾಗಿಗೆ ಸುರಿದರು. ಬೇಡ ಅಂದೆ. "ಬಸ್ರಿ ಎಂಗ್ಸಿನ ಗಂಟು ಮುಟ್ಟಿವ್ನಿ, ಬರೀ ಕೈಯಾಗ್ ಎಂಗ್ ಕಳಿಸ್ಲಿ? ಓಗು, ಮೆಲ್ಲಕ್ ಓಗು."

ಮೆಲ್ಲಗೆ ಎಲ್ಲಿ ಹೋಗಲಿ? ಆಗಲೇ ಹನ್ನೊಂದೂಕಾಲು. ಚಿನ್ನದ ಗಣಿಯ ಮಣ್ಣು ಗುಡ್ಡೆಯಾದ ಸೈನೈಡ್ ದಿಬ್ಬದ ಬೂದು ಕೆಸರು ರಸ್ತೆಗೆ ಇಳಿದು ಎರಡು ಸಲ ಗಾಡಿ ಜಾರಿತು. ಕ್ವಾರ್ಟರ್ಸ್ ತಲುಪಿದಾಗ ಹನ್ನೆರಡು ಹತ್ತು. ರೇಣುಕಾ ಹಸಿರು ಸೀರೆ ಉಟ್ಟು ಕೂತಿದ್ದಳು, ಕಣ್ಣು ಬಾಗಿಲ ಮೇಲೆ. ನನ್ನ ಅವತಾರ ನೋಡಿ ನಗಲೂ ಇಲ್ಲ, ಅಳಲೂ ಇಲ್ಲ, ಗಂಟನ್ನೇ ನೋಡಿದಳು.

ಯಾರೋ ಬಿಚ್ಚಲು ಹೋದರು. ತಡೆದೆ. ಈ ಥಂಡಿ ಗಾಳಿಗೆ ಬಿಚ್ಚಿಟ್ಟರೆ ರೊಟ್ಟಿ ಮೆತ್ತಗಾಗುತ್ತದೆ, ಮೊದಲು ಫೋನು. ಫೋನು ಹತ್ತುತ್ತಿಲ್ಲ! ಮಳೆಗೆ ನೆಟ್‌ವರ್ಕ್ ಹೋಗಿತ್ತು. ಬಾಲ್ಕನಿ, ಮೆಟ್ಟಿಲು, ಬಚ್ಚಲ ಕಿಟಕಿ, ಎಲ್ಲ ಕಡೆ ಓಡಾಡಿ ಕೊನೆಗೆ ಅಡುಗೆಮನೆಯ ಕಟ್ಟೆಯ ಬಳಿ ಸಿಗ್ನಲ್‌ನ ಒಂದು ಕಡ್ಡಿ ಸಿಕ್ಕಿತು. ಬಸುರಿಯನ್ನು ಅಲ್ಲಿಗೇ ಕರೆತಂದೆವು. ಸ್ಪೀಕರ್ ಹಾಕಿ, ಗಂಟು ಬಿಚ್ಚಿದೆವು. ಮೇಲಿನ ರೊಟ್ಟಿ ಮುರಿದಿತ್ತು, ಅದು ಅಜ್ಜಿಯ ಪಾಲು. ರೇಣುಕಾ ಅದರ ಕೆಳಗಿನದನ್ನು ಎತ್ತಿ, ಫೋನಿನ ಹತ್ತಿರ ಹಿಡಿದು ಮುರಿದಳು.

ಕಟ್!

ಆ ಕಡೆಯಿಂದ ಗಂಗವ್ವನ ದನಿ.

"ಬಂದೆ ನೋಡವಾ."

ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಳ್ಳದವರು ಯಾರೂ ಇರಲಿಲ್ಲ. ನಾನಂತೂ ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತಿದ್ದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಹೆಸರನ್ನೂ ಕೇಳದೆ ನಾನು ಬಿಟ್ಟುಬಂದ ಆ ಅಜ್ಜಿಯ ಅವರೆಕಾಯಿಯನ್ನು ರೇಣುಕಾಳ ಉಡಿಗೆ ಹಾಕಿದೆವು.

ಮರುದಿನ ಮೂಗು ಸುರಿಸುತ್ತಾ ಕಂಬಳಿ ಹೊದ್ದು ಮಲಗಿದ್ದೆ. ನಮ್ಮನೆಯವರು ಕಷಾಯ ತಂದಿಟ್ಟು, ಇಷ್ಟೆಲ್ಲ ಯಾಕೆ ಬೇಕಿತ್ತು, ಸರಿಯಾಗಿ ಪ್ಯಾಕ್ ಮಾಡಿ ಕೊರಿಯರ್‌ಗೆ ಹಾಕಬಹುದಿತ್ತಲ್ಲ ಎಂದರು.

ತಾಯಿಯನ್ನು ಯಾರಾದರೂ ಕೊರಿಯರ್‌ಗೆ ಹಾಕುತ್ತಾರೇನ್ರೀ?