ಓ ಎನ್ನದ ಮಗಳು

ದೆವ್ವ, ಗಾಳಿ, ದೃಷ್ಟಿ, ಶಕುನ ಇವು ಯಾವುದನ್ನೂ ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೆ ಸಿಟ್ಟು ಬೇರೆ ಬರುತ್ತಿತ್ತು. ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಯಾರಾದರೂ ‘ಹಾಗಾಯಿತಂತೆ, ಹೀಗಾಯಿತಂತೆ’ ಎಂದು ಶುರುಮಾಡಿದರೆ ‘ರಿಪೋರ್ಟ್ ತೋರಿಸ್ರಿ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಬಸವಕಲ್ಯಾಣದ ನನ್ನ ತವರಿನಲ್ಲಿ ಇದೇ ಕಾರಣಕ್ಕೆ ನನ್ನನ್ನು ‘ರಿಪೋರ್ಟ್ ಬಾಯಿ’ ಎಂದು ಕಾಡುತ್ತಿದ್ದರು. ಈಗ ಬರೆಯುತ್ತಿರುವ ಸಂಗತಿಗೆ ನನ್ನ ಹತ್ತಿರ ಯಾವ ರಿಪೋರ್ಟೂ ಇಲ್ಲ. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮ ಮನೆಯವರದು ಹುಮನಾಬಾದಿನ ಪಕ್ಕದ ಹುಡಗಿ. ಹೌದು, ಊರಿನ ಹೆಸರೇ ಹುಡಗಿ. ಮದುವೆಯಾದ ಮರುವರ್ಷ ಅವರಿಗೆ ಅಂಡಮಾನಿನ ದ್ವೀಪವೊಂದರಲ್ಲಿ ಹಡಗುಗಳ ಎಂಜಿನ್ ರಿಪೇರಿ ಮಾಡುವ ಕೆಲಸ ಸಿಕ್ಕಿತು. ಹುಡಗಿಯವರು ಹಡಗಿಗೆ ಹೊರಟರು ಎಂದು ನನ್ನ ತಮ್ಮಂದಿರು ತಿಂಗಳುಗಟ್ಟಲೆ ನಕ್ಕರು. ಸಮುದ್ರವನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ನೋಡಿರದ ನಾನು, ನಾಲ್ಕೂ ಕಡೆ ನೀರೇ ಇರುವ ಊರಿಗೆ ಹೋಗಿ ಸಂಸಾರ ಹೂಡಿದೆ.

ಅಲ್ಲಿನ ಬದುಕು ಬೇಗ ರೂಢಿಯಾಯಿತು. ಸುತ್ತ ಇಷ್ಟು ನೀರಿದ್ದೂ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಹಡಗು ತಡವಾದರೆ ಉಳ್ಳಾಗಡ್ಡಿ ಇಲ್ಲ, ಆಲೂಗಡ್ಡೆ ಇಲ್ಲ. ತವರಿನಿಂದ ಬರುವ ಜೋಳದ ಹಿಟ್ಟು ಬಂದು ಮುಟ್ಟುವಷ್ಟರಲ್ಲಿ ಕಹಿಯಾಗಿರುತ್ತಿತ್ತು. ಆದರೂ ಆ ಕಹಿ ಹಿಟ್ಟನ್ನೇ ಬಡಿದು ರೊಟ್ಟಿ ಮಾಡಿ ತಿನ್ನುತ್ತಿದ್ದೆವು. ಅಕ್ಕಪಕ್ಕದಲ್ಲಿ ಬಂಗಾಳಿಗಳು, ತಮಿಳರು, ರಾಂಚಿ ಕಡೆಯವರು. ಎಲ್ಲರ ನಡುವೆ ಹಿಂದಿ. ನಮ್ಮ ಬೀದರ ಕಡೆಯ ಹಿಂದಿಯಲ್ಲಿ ನಾನು ಬೇಡ ಎನ್ನಲು ‘ನಕ್ಕೋ’ ಎಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ನನಗೂ ಕೆಲಸ ಸಿಕ್ಕಿತು. ಎರಡು ವರ್ಷ ತುಂಬುವುದರೊಳಗೆ ಬಸುರಿಯಾದೆ. ಕೊನೆಕೊನೆಗೆ ರಕ್ತದೊತ್ತಡ ಏರಿ ಪ್ರಯಾಣ ಬೇಡ ಎಂದರು. ಹೀಗಾಗಿ ಚೊಚ್ಚಲ ಹೆರಿಗೆ ತವರಿನಲ್ಲಾಗದೆ ದ್ವೀಪದಲ್ಲೇ ಆಯಿತು. ಹೆಣ್ಣು ಕೂಸು. ಬಸುರಿಯಿದ್ದಾಗಲೇ ನಾನು ಹೆಸರು ಆರಿಸಿಟ್ಟಿದ್ದೆ, ಸಾಗರಿಕಾ ಎಂದು.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಹೇಳಬೇಕು. ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಿ ಗದ್ದಲ ಮಾಡುತ್ತಾರೆ. ನಮ್ಮ ಮನೆಯವರಿಗೆ ಇದ್ದವಳು ಒಬ್ಬಳೇ ಅಕ್ಕ, ಕಸ್ತೂರಕ್ಕ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ತವರೂರಾದ ಹುಡಗಿಯಲ್ಲೇ ಗಂಡ, ಮಗ, ಸೊಸೆಯೊಂದಿಗೆ ಇರುವವರು. ಅವರು ದ್ವೀಪಕ್ಕೆ ಬರುವುದು ಆಗದ ಮಾತು. ಫೋನಿನಲ್ಲೇ ಹೇಳಲಿ ಎಂದು ನಾನೇ ಉಪಾಯ ಹೂಡಿದೆ. ಹಿಂದಿನ ದಿನ ಫೋನ್ ಮಾಡಿ, “ಅಕ್ಕಾ, ಸಾಗರಿಕಾ ಅಂತನೇ ಅನ್ರಿ, ಬ್ಯಾರೆ ಏನೂ ಸೇರಿಸಬ್ಯಾಡ್ರಿ” ಎಂದು ತಾಕೀತು ಮಾಡಿದೆ. “ಆಯ್ತವ್ವಾ, ನಿನ್ನ ಕೂಸು, ನಿನ್ನ ಮರ್ಜಿ” ಎಂದರು. ಅವರ ಮನಸ್ಸಿನಲ್ಲಿ ಯಾವುದಾದರೂ ಹೆಸರಿದೆಯೇ ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಮರುದಿನ ನೆರೆಯ ಹೆಂಗಸರೆಲ್ಲ ಸೇರಿದರು. ಫೋನ್ ಹತ್ತಿತು, ಆ ಕಡೆಯಿಂದ ‘ಹಲೋ’ ಎಂದರು. ನಾನು ಅವಸರದಿಂದ ಫೋನನ್ನು ಕೂಸಿನ ಕಿವಿಗೆ ಹಿಡಿದೆ. ಗುದ್ದಲು ಸೋದರತ್ತೆಯ ಬೆನ್ನು ಇಲ್ಲವಲ್ಲ, ಬಂಗಾಳಿ ಹೆಂಗಸರು ನಮ್ಮ ಮನೆಯವರ ಬೆನ್ನಿಗೇ ಗುದ್ದಿದರು. ಆ ನಗುವಿನಲ್ಲಿ ಒಂದು ನಿಮಿಷ ಕಳೆಯಿತು. ಆಮೇಲೆ ಫೋನ್ ತೆಗೆದು ನೋಡಿದರೆ ಲೈನ್ ಕಡಿದುಹೋಗಿತ್ತು. ದ್ವೀಪದಲ್ಲಿ ಅದೇನೂ ಹೊಸದಲ್ಲ. ಸಂಜೆ ವಿಚಾರಿಸಿದಾಗ ಕಸ್ತೂರಕ್ಕ “ಹೇಳೀನವ್ವಾ, ಕೂಸು ಕೇಳ್ಯಾದ” ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಜನನ ಪತ್ರದಲ್ಲಿ ಸಾಗರಿಕಾ ಎಂದು ಬರೆಸಿದೆವು. ಇದಾಗಿ ಹದಿನೈದು ದಿನಕ್ಕೆ ಕಸ್ತೂರಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತೂ ಪೂರ್ತಿ ಹೋಯಿತು.

ಮಗಳು ಬೆಳೆದಳು. ಹೊತ್ತಿಗೆ ಸರಿಯಾಗಿ ಹಲ್ಲು ಬಂದವು. ಹಡಗು ನಿಲ್ಲುವ ದಕ್ಕೆಯ ಮೇಲೆ ಅಪ್ಪನ ಎಣ್ಣೆಗೈ ಬಿಡಿಸಿಕೊಂಡು ಮೊದಲ ಹೆಜ್ಜೆ ಇಟ್ಟಳು. ಮರಳಿನಲ್ಲಿ ಏಡಿ ಕಂಡು ಕೇಕೆ ಹಾಕಿದಳು. ಹಡಗು ಕೂಗಿದರೆ ಬಾಗಿಲಿಗೆ ಓಡುತ್ತಿದ್ದಳು. ಮೀನು ಮಾರುವವನ ಸೈಕಲ್ ಗಂಟೆಗೂ ತಿರುಗುತ್ತಿದ್ದಳು. ತಿರುಗದೆ ಇದ್ದದ್ದು ತನ್ನ ಹೆಸರಿಗೆ ಮಾತ್ರ. ‘ಸಾಗರಿಕಾ’ ಎಂದು ಹಿಂದಿನಿಂದ ಕೂಗಿ, ಮುಂದೆ ನಿಂತು ಕೂಗಿ, ಹಾಡಿ, ಗದರಿ, ಅತ್ತು ಕರೆದೆ. ಉಹೂಂ. ಒಂದು ವರ್ಷವಾಯಿತು, ಎರಡಾಯಿತು, ಒಂದು ಮಾತೂ ಆಡಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿಯಲ್ಲಿ ಏನೂ ದೋಷವಿಲ್ಲ ಎಂದು ಬಂತು. ಜೀವನದಲ್ಲಿ ಮೊದಲ ಸಲ ಒಂದು ರಿಪೋರ್ಟನ್ನು ಹರಿದುಹಾಕಬೇಕು ಎನಿಸಿತು. ‘ದೊಡ್ಡ ಊರಿಗೆ ಕರೆದೊಯ್ದು ತೋರಿಸಿರಿ, ಮನಸ್ಸಿನ ಬೆಳವಣಿಗೆಯಲ್ಲೇ ತೊಂದರೆ ಇರಬಹುದು’ ಎಂದು ವೈದ್ಯರು ಮೆಲ್ಲಗೆ ಹೇಳಿದರು. ನನ್ನ ಮಗಳು ಎಂದಾದರೂ ನನ್ನ ಕರೆಗೆ ಓ ಎನ್ನುತ್ತಾಳೋ ಇಲ್ಲವೋ, ಅಂದಿನಿಂದ ಹಗಲೂ ರಾತ್ರಿ ಅದೊಂದೇ ಚಿಂತೆ.

ಅವಳಿಗೆ ಎರಡೂವರೆ ವರ್ಷವಾದಾಗ ಜಾವಳದ ಹುಟ್ಟುಗೂದಲು ತೆಗೆಸಲೆಂದು, ಅಲ್ಲಿಂದ ಹಾಗೇ ಹೈದರಾಬಾದಿನಲ್ಲಿ ತೋರಿಸಲೆಂದು ಊರಿಗೆ ಬಂದೆವು. ಮೊದಲು ಹುಡಗಿಯಲ್ಲಿ ಕಸ್ತೂರಕ್ಕನ ಮನೆ. ಮಗಳು ಆ ಊರಿನ ನೆಲ ತುಳಿದದ್ದು ಅದೇ ಮೊದಲು. ಕಸ್ತೂರಕ್ಕ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಕೂಸನ್ನು ಕಂಡು ಕಣ್ಣಲ್ಲಿ ನೀರು ಇಳಿಸಿದರು, ಅಷ್ಟೇ.

ಮರುದಿನ ಮಧ್ಯಾಹ್ನ. ಬಿಸಿಲು ಚುರುಗುಟ್ಟುತ್ತಿತ್ತು. ಗಂಡಸರು ಹೊಲಕ್ಕೆ ಹೋಗಿದ್ದರು. ನಾನೂ ಕಸ್ತೂರಕ್ಕನ ಸೊಸೆ ಸುನಿತಾಳೂ ಪಡಸಾಲೆಯ ಕಟ್ಟೆಯಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತಿದ್ದೆವು. ಮಗಳು ಅಂಗಳದ ಆ ತುದಿಯಲ್ಲಿ ನಮಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕುಳಿತು ಕೋಳಿಮರಿ ನೋಡುತ್ತಿದ್ದಳು. ನಾನು ನನ್ನ ಗೋಳು ಹೇಳಿಕೊಂಡೆ. ಸುನಿತಾ ಮಂಚದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

“ಮಾಮಿ, ಸಿಟ್ಟಾಗಬ್ಯಾಡ್ರಿ. ಅವತ್ತು ಅತ್ತಿ ನೀವು ಹೇಳಿದ್ದ ಹೆಸರು ಅಂದಿಲ್ರಿ. ತಮಗ ಹೆಣ್ಣು ಹುಟ್ಟಿದರ ಇಡಬೇಕಂತ ಒಂದು ಹೆಸರು ಇಟ್ಕೊಂಡಿದ್ರಂತ, ಹೆಣ್ಣು ಆಗಲೇ ಇಲ್ಲ. ಅದೇ ಅಂದಾರ, ಮಹಾನಂದಾ ಅಂತ.”

“ಓ.”

ಎಳೆಯ ದನಿ. ಯಾರದೆಂದು ನನಗೆ ತಿಳಿಯಲಿಲ್ಲ, ತಿಳಿಯಲು ಆ ದನಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲವಲ್ಲ! ನೋಡಿದರೆ ಮಗಳು ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಿದ್ದಳು. ಸುನಿತಾಳ ಕೈಯಲ್ಲಿನ ಬೇಳೆ ಕೆಳಗೆ ಬಿತ್ತು. ಅವಳು ಇನ್ನೊಮ್ಮೆ, ಹೆದರುತ್ತಲೇ, “ಮಹಾನಂದಾ” ಎಂದಳು. “ಓ.” ಮೂರನೆಯ ಸಲ ನಾನು ಕರೆದೆ. ಮಗಳು ಎದ್ದು ಅಂಗಳ ದಾಟಿ ಬಂದು ನನ್ನ ಮೊಣಕಾಲಿಗೆ ಕೈಯಿಟ್ಟು ನಿಂತಳು, ಯಾಕೆ ಕರೆದೆ ಎಂದು ಕೇಳುವವಳ ಹಾಗೆ. ಅವಳನ್ನು ಅವಚಿಕೊಂಡು ನಾನು ಅತ್ತ ಅಳುವಿಗೆ ಕೋಳಿಗಳು ಚದುರಿ ಓಡಿದವು.

ಅಳು ನಿಂತ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಹೇಳಿದ ಹೆಸರು ಬಿಟ್ಟು ತಮ್ಮದೊಂದು ತುರುಕಿದರಲ್ಲ ಎಂದು. ಅದೂ ಇಳಿದ ಮೇಲೆ ನನ್ನ ಬುದ್ಧಿ ಕೆಲಸಕ್ಕೆ ಹತ್ತಿತು. ಹುಟ್ಟಿ ಹನ್ನೆರಡು ದಿನದ ಕೂಸು ಫೋನಿನಲ್ಲಿ ಒಮ್ಮೆ ಕೇಳಿದ ಹೆಸರನ್ನು ನೆನಪಿಟ್ಟಿತೇ? ವಿಚಿತ್ರ, ಆದರೆ ಇರಬಹುದು, ಕೂಸುಗಳ ಮಿದುಳು ನಮಗೇನು ಗೊತ್ತು ಎಂದೆ. ಸುನಿತಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.

“ಫೋನ್ ಹಲೋ ಅಂದಕೂಡಲೇ ಕಟ್ಟಾಗಿತ್ರಿ. ನಾನೇ ನೋಡೀನಿ. ಅತ್ತಿ, ಕಟ್ಟಾಗ್ಯಾದ, ತಡೀರಿ, ತಿರುಗಿ ಹಚ್ಚೋಣಂತ ಅಂದೆ. ಸುಮ್ಮ ಕೂಡು, ನಾ ಹೇಳಾಕತ್ತಿದ್ದು ಕೂಸಿಗಿ, ಫೋನಿಗಲ್ಲ ಅಂದ್ರು. ಕುರ್‍ರ್ ಅಂತ ಮೂರು ಸಲ ಅಂದ್ರು. ನಾವೆಲ್ಲಾ ಬೆನ್ನಿಗಿ ಗುದ್ದಿದಿವಿ.”

ನಾನು ಬಿಡಲಿಲ್ಲ. ನಮ್ಮ ಮನೆಯವರು ಹೊಲದಿಂದ ಬಂದ ಕೂಡಲೇ ಅಡ್ಡಗಟ್ಟಿ ಕೇಳಿದೆ, ಈ ಹೆಸರು ನಿಮಗೆ ಗೊತ್ತಿತ್ತೇ, ಕದ್ದು ಕರೆದಿದ್ದೀರಾ ಎಂದು. ಅವರು ಆ ಹೆಸರು ಕೇಳಿದ್ದೇ ಅವತ್ತು. ಅಂದಿನ ಗದ್ದಲದಲ್ಲಿ ಹೆಸರು ಕೇಳಿಸಿದ್ದು ಸುನಿತಾ ಒಬ್ಬಳಿಗೇ, ಅವಳು ನಮ್ಮ ಸಿಟ್ಟಿಗೆ ಹೆದರಿ ಅಲ್ಲಿಯವರೆಗೆ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಕಸ್ತೂರಕ್ಕ ಆಮೇಲೆ ಫೋನಿನಲ್ಲಿ ಹೇಳಿರಬಹುದೆಂದರೆ, ಆ ಹದಿನೈದು ದಿನ ನಾನು ಬಾಣಂತನದಲ್ಲಿ ಯಾರ ಫೋನನ್ನೂ ಕೂಸಿನ ಹತ್ತಿರ ಬಿಟ್ಟಿರಲಿಲ್ಲ. ಇನ್ನು ‘ಓ’ ಎನ್ನುವುದನ್ನಾದರೂ ಯಾರು ಕಲಿಸಿದರು? ದ್ವೀಪದ ಮನೆಯಲ್ಲಿ ಕರೆದರೆ ನಾವು ‘ಹಾಂ’ ಎನ್ನುತ್ತೇವೆ.

ಹೊರಡುವ ಮುಂಚೆ ಕಸ್ತೂರಕ್ಕನ ಮಂಚದ ಹತ್ತಿರ ಕುಳಿತೆ. “ಅಕ್ಕಾ, ಲೈನ್ ಕಡದದ್ದು ನಿಮಗ ಗೊತ್ತಿತ್ತಲ್ರಿ. ಕೂಸು ಕೇಳ್ಯಾದ ಅಂತ ಹ್ಯಾಂಗ ಅಂದ್ರಿ?” ಎಂದೆ. ಅವರು ನನ್ನನ್ನೇ ನೋಡಿದರು. ಎಡಗೈಯಿಂದ ನನ್ನ ಕೈ ಹಿಡಿದು ಒತ್ತಿದರು. ತುಟಿ ಅಲುಗಿದವು, ಮಾತು ಬರಲಿಲ್ಲ. ಉತ್ತರ ಗೊತ್ತಿದ್ದವರು ಅವರೊಬ್ಬರೇ, ಅಥವಾ ಅವರಿಗೂ ಗೊತ್ತಿರಲಿಲ್ಲವೋ ಏನೋ. ಕೆಲವು ತಿಂಗಳಿಗೆ ಅವರು ತೀರಿಕೊಂಡರು. ನಾನು ಈ ಸಂಗತಿಯನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಇಂದಿಗೂ ನನಗೆ ಅರ್ಥವಾಗಿಲ್ಲ.

ಹೈದರಾಬಾದಿಗೆ ನಾವು ಹೋಗಲಿಲ್ಲ. ಹುಮನಾಬಾದಿನಲ್ಲಿ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೊರಟೆವು. ಮಗಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಎರಡೂವರೆ ವರ್ಷ ನಾನು ಇವಳ ಎದುರಿಗೇ ನಿಂತು ಬೇರೆ ಯಾರನ್ನೋ ಕರೆಯುತ್ತಿದ್ದೆನಲ್ಲ ಎನಿಸಿತು. “ಮಹಾನಂದಾ” ಎಂದೆ. “ಓ” ಎಂದಳು. ಹೇಳಲು ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕರೆದೆ, ಮತ್ತೆ ಓ ಎಂದಳು. ದಾರಿಯಲ್ಲಿ ಬರುವ ರಾಜೇಶ್ವರ ಊರು ದಾಟುವವರೆಗೂ ಇದೇ ನಡೆಯಿತು. ಕೊನೆಗೆ ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬರು ತಾಳ್ಮೆ ಕೆಟ್ಟು ತಿರುಗಿದರು.

“ಎಷ್ಟು ಸಲ ಕರೀತಿಯವ್ವಾ ಆ ಕೂಸಿಗಿ? ಕರದಾಗೊಮ್ಮೆ ಓ ಅನ್ನಾಕತ್ತದಲ್ಲ, ಇನ್ನೇನು ಬೇಕು ನಿನಗ?”

ಏನೂ ಬೇಡ್ರಿ ಎಂದೆ. ಅವರು ಆ ಕಡೆ ತಿರುಗುವುದನ್ನೇ ಕಾದು ಮತ್ತೆ ಕರೆದೆ.