ನಂಜುಂಡನ ಲೈಬ್ರರಿ ಕಾರ್ಡು

ಸುಳ್ಳಿರಬೇಕು ಅಂದುಕೊಂಡೆ...
ಈಗಲೂ ಹಾಗೇ ಅನ್ನಿಸುತ್ತಿದೆ...

ಬೆಳಿಗ್ಗೆ ಇಲ್ಲಿ ಸಿಡ್ನಿಯಲ್ಲಿ, ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿದ್ದೆ.
ಮೆಲ್ಬರ್ನ್‌ನಿಂದ ನಂಜುಂಡನ ಹೆಂಡತಿ ವನಿತಾ ಫೋನ್.
“ಮೂರ್ತಿಯವ್ರೇ, ಇವ್ರು ಹೋಗ್ಬಿಟ್ರು...”
ಎಲ್ಲಿಗೆ ಎಂದು ಕೇಳಿದೆ. ನಿಜವಾಗಿ ಹಾಗೇ ಕೇಳಿದೆ, ಪೆದ್ದನ ಹಾಗೆ.

ನಂಜುಂಡ ಇನ್ನಿಲ್ಲ.
ಹಾರ್ಟ್ ಅಟ್ಯಾಕ್. ಕ್ರಾನ್‌ಬರ್ನ್‌ನ ಮನೆಯಲ್ಲಿ, ಕಾಫಿ ಲೋಟ ಕೈಯಲ್ಲಿರುವಾಗಲೇ...
ಭಾನುವಾರ ತಾನೇ ಮಾತಾಡಿದ್ದೆವು. ಮೊಣಕಾಲು ನೋವು ಎಂದು ಬೈದುಕೊಳ್ಳುತ್ತಿದ್ದ.
ಮೊಣಕಾಲು ನೋವಿಗೆ ಯಾರಾದರೂ ಸಾಯುತ್ತಾರಾ?

ನಮ್ಮ ಕನ್ನಡದವರ ಈ ಆನ್‌ಲೈನ್ ಗ್ರೂಪಿನಲ್ಲಿ ಅವನನ್ನು ಕಂಡವರು ಕಡಿಮೆ. ಅದಕ್ಕೇ ಹೇಳುತ್ತೇನೆ.

ನಮ್ಮಿಬ್ಬರ ಅಪ್ಪಂದಿರೂ ಮೈಸೂರಿನಿಂದ ನೈಜೀರಿಯಾಕ್ಕೆ ಹೋದ ಮೇಷ್ಟ್ರುಗಳು.
ನಾವಿಬ್ಬರೂ ಅಲ್ಲಿನದೇ ಒಂದು ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದೆವು. ಎಂಬತ್ತರ ದಶಕದ ಕೊನೆ.
ಇಡೀ ಕ್ಯಾಂಪಸ್ಸಿನಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಯಾರ ಮುಂದೆ ಬೇಕಾದರೂ ಯಾರನ್ನು ಬೇಕಾದರೂ ಬೈಯಬಹುದಿತ್ತು...

ಹಾಸ್ಟೆಲ್ ರೂಮು ಸಿಕ್ಕಿದ್ದು ಅವನಿಗೆ. ನನಗಿಲ್ಲ.
ರೂಮಿಲ್ಲದವನು ಗೆಳೆಯನ ಜೊತೆ ತೂರಿಕೊಳ್ಳುವುದಕ್ಕೆ ಅಲ್ಲಿ ಸ್ಕ್ವಾಟಿಂಗ್ ಎನ್ನುತ್ತಿದ್ದರು. ಎರಡು ವರ್ಷ ಅವನ ಹಾಸಿಗೆಯ ಅರ್ಧದಲ್ಲಿ ಮಲಗಿದೆ.
ತಿಂಗಳ ಕೊನೆಗೆ ಗಾರಿ... ಮರಗೆಣಸನ್ನು ಹುರಿದು ಮಾಡಿದ ತರಿ ಅದು. ನೀರಲ್ಲಿ ನೆನೆಸಿ, ಸಕ್ಕರೆ, ಕಡಲೆಕಾಯಿ ಬೀಜ ಹಾಕಿ ಒಂದೇ ಬಟ್ಟಲಲ್ಲಿ ತಿನ್ನುತ್ತಿದ್ದೆವು. ದೊಡ್ಡ ಚಮಚ ಯಾವಾಗಲೂ ನನಗೇ ಕೊಡುತ್ತಿದ್ದ.

ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಪರೀಕ್ಷೆ ಬಂತೆಂದರೆ ರೂಮಿನ ತುಂಬ ಹುಡುಗರು, ಇವನ ಥರ್ಮೋಡೈನಮಿಕ್ಸ್ ಪಾಠ.
ಅವನ ಲೈಬ್ರರಿ ಕಾರ್ಡು ಊರಿನ ಸೊತ್ತು. ಕೇಳಿದವರಿಗೆಲ್ಲ ಕೊಡುತ್ತಿದ್ದ. ಯಾವ ಪುಸ್ತಕಕ್ಕೆ ಎಂದೂ ಕೇಳುತ್ತಿರಲಿಲ್ಲ.

ನಂಜಾ... ಇನ್ನು ಮುಂದಿನದು ನಿನಗೆ.

ಕೊನೆಯ ಪರೀಕ್ಷೆ ಮುಗಿದ ದಿನವೇ ಗಲಾಟೆಯಾಗಿ ಕ್ಯಾಂಪಸ್ ಮುಚ್ಚಿದರು, ನೆನಪಿದೆಯಾ? ಸಂಜೆಯೊಳಗೆ ಖಾಲಿ ಮಾಡಿ ಎಂದರು. ಕೈಗೆ ಸಿಕ್ಕಿದ್ದನ್ನೆಲ್ಲ ಟ್ರಂಕಿಗೆ ತುಂಬಿ ಓಡಿದೆವು.

ತಿಂಗಳುಗಳಾದ ಮೇಲೆ ಕ್ಲಿಯರೆನ್ಸ್ ಫಾರ್ಮ್ ಹಿಡಿದು ಇಬ್ಬರೂ ವಾಪಸ್ ಹೋದೆವು.
ಹಾಸ್ಟೆಲ್, ಲ್ಯಾಬ್, ಸ್ಪೋರ್ಟ್ಸ್, ಲೈಬ್ರರಿ... ಎಲ್ಲರ ಸಹಿ ಇಲ್ಲದೆ ಸರ್ಟಿಫಿಕೇಟ್ ಇಲ್ಲ.
ನನ್ನ ಫಾರ್ಮ್ ತುಂಬಿತು. ನಿನ್ನದು ಲೈಬ್ರರಿಯಲ್ಲಿ ನಿಂತಿತು. ನಿನ್ನ ಹೆಸರಿನಲ್ಲಿ ಒಂದು ಪುಸ್ತಕ ಬಾಕಿ.
“ಯಾರ್ ತಗೊಂಡ್ರೋ ಏನೋ. ಹೋಗ್ಲಿ ಬಿಡೋ, ಆಮೇಲ್ ಬರ್ದು ತರಿಸ್ಕೊಂಡ್ರಾಯ್ತು” ಎಂದೆ ನೀನು.
ನಿಮ್ಮಪ್ಪನ ಕಾಂಟ್ರ್ಯಾಕ್ಟ್ ಮುಗಿದಿತ್ತು. ದೇಶ ಬಿಟ್ಟಿರಿ.

ಆ ಪುಸ್ತಕ ನನ್ನ ಟ್ರಂಕಿನಲ್ಲಿತ್ತು ಕಣೋ.

ಬೀಗ ಹಾಕಿದ ಹಾಗೇ ಇದ್ದ ಟ್ರಂಕನ್ನು ಸಿಡ್ನಿಗೆ ಬಂದು ಬಿಚ್ಚಿದಾಗ ಸಿಕ್ಕಿತು. ನಿನ್ನ ಕಾರ್ಡಿನ ಮೇಲೆ ನಾನೇ ತಂದು ಮರೆತಿದ್ದ ಥರ್ಮೋ ಪುಸ್ತಕ.
ಆ ಲೈಬ್ರರಿಗೆ ಪೋಸ್ಟ್ ಮಾಡಬೇಕು ಎಂದುಕೊಂಡೆ. ಕೆಲಸ, ಪಿಆರ್ ವೀಸಾದ ಓಡಾಟ, ರೆಂಟ್... ನಾಳೆ ನಾಳೆ ಎನ್ನುತ್ತ ಎರಡು ವರ್ಷ.
ಅಷ್ಟರಲ್ಲಿ ವನಿತಾಗೆ ನರ್ಸ್ ಕೆಲಸ ಸಿಕ್ಕಿ ನೀನೂ ಮೆಲ್ಬರ್ನ್‌ಗೆ ಬಂದೆ. ಕೆಲಸ ಕೇಳಿ ಹೋದಲ್ಲೆಲ್ಲ ಸರ್ಟಿಫಿಕೇಟ್ ಕೇಳಿದರು.
ಯೂನಿವರ್ಸಿಟಿಗೆ ನೀನು ಕಾಗದ ಬರೆದೆ. ಮತ್ತೆ ಬರೆದೆ. ಆ ಪುಸ್ತಕದ ಹೊಸ ಪ್ರತಿ ಕೊಂಡು ಕಳಿಸಿದೆ. ನಮ್ಮ ಸೀಲು, ನಂಬರು ಇರುವ ಪ್ರತಿಯೇ ಬೇಕು ಎಂದು ಉತ್ತರ ಬಂತು.
ಅದನ್ನು ನೀನು ಫೋನಿನಲ್ಲಿ ನನಗೇ ಓದಿ ಹೇಳಿದೆ, ನಗುತ್ತ.
“ಯಾವನ್ ಹತ್ರ ಇದ್ಯೋ... ಓದ್ತಾನಾದ್ರೂ ಇದ್ದಾನೋ ಇಲ್ವೋ!”
ನಾನೂ ನಕ್ಕೆ.
ಆಗ ಒಂದು ಮಾತು ಹೇಳಿದ್ದರೆ...

ಮುಂದಿನ ವಾರ ನಮ್ಮ ಸಬರ್ಬ್‌ನಲ್ಲಿ ಕೌನ್ಸಿಲ್ ಕ್ಲೀನಪ್ ಇತ್ತು. ಹಳೇ ಹಾಸಿಗೆ, ಮುರಿದ ಕುರ್ಚಿಯ ಜೊತೆ ಪುಸ್ತಕವನ್ನೂ ರಸ್ತೆ ಬದಿಗೆ ಇಟ್ಟೆ. ನಿನಗೆ ಎಂದೂ ಗೊತ್ತಾಗಬಾರದು ಎಂದು.
ಲಾರಿ ಬಂದು ಎತ್ತಿಕೊಂಡು ಹೋಯಿತು.

ನೀನು ಫ್ಯಾಕ್ಟರಿಗೆ ಸೇರಿದೆ. ಪ್ಯಾಕಿಂಗ್ ಲೈನ್. ರಿಟೈರ್ ಆಗುವ ತನಕ ಅದೇ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಒಂದು ಮನೆಯಲ್ಲಿ ನಮ್ಮ ಯೂನಿವರ್ಸಿಟಿಯವರು ಸೇರಿದ್ದೆವು. ಎಲ್ಲರ ಎದೆಗೂ ಸ್ಟಿಕ್ಕರ್. ಹೆಸರು, ಡಿಗ್ರಿ, ವರ್ಷ.
ನೀನು ಹೆಸರಷ್ಟೇ ಬರೆದೆ.
ನಮ್ಮ ಬ್ಯಾಚಿನ ಟುಂಡೆ ನಿನ್ನನ್ನು ತಬ್ಬಿಕೊಂಡು “ದಿಸ್ ಮ್ಯಾನ್ ಟಾಟ್ ಅಸ್ ಆಲ್!” ಎಂದು ಕೂಗಿದ. ನೀನು ಪ್ಲೇಟು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟೆ.
ನಾನು ಹಿಂದೆ ಬರಲಿಲ್ಲ. ಹೇಡಿ.

ಇವತ್ತು ಫೋನಿಡುವ ಮೊದಲು ವನಿತಾ ಹೇಳಿದರು...
“ಶುಕ್ರವಾರ ಫ್ಯೂನರಲ್‌ನಲ್ಲಿ ನೀವೇ ಮಾತಾಡ್ಬೇಕು. ನಮ್ ಮಗಳು ಮೇಘಾಗೆ, ಅಪ್ಪ ನಿಜವಾಗ್ಲೂ ಎಂಜಿನಿಯರಿಂಗ್ ಮುಗ್ಸಿದ್ರಾ ಅಂತಾನೇ ಡೌಟು. ಒಂದ್ ಸಲ ಅವ್ರ ಮುಂದೇನೇ ಕೇಳ್ಬಿಟ್ಳು, ‘ಡಿಡ್ ಯು ಆಕ್ಚುಅಲಿ ಫಿನಿಶ್, ಡ್ಯಾಡ್?’ ಅಂತ. ಅವ್ರು ಲಂಚ್ ಬಾಕ್ಸ್ ತಗೊಂಡು ಶಿಫ್ಟಿಗೆ ಹೊರಟ್ಬಿಟ್ರು. ನೀವು ಜೊತೇಲಿ ಓದ್ದೋರು. ನೀವ್ ಹೇಳಿದ್ರೆ ನಂಬ್ತಾಳೆ.”

ಆಯಿತು ಎಂದೆ.
ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದೂ ಹೇಡಿತನವೇ, ಗೊತ್ತು.

ವನಿತಾ, ನೀವೂ ಈ ಗ್ರೂಪಿನಲ್ಲಿದ್ದೀರಿ, ಇದನ್ನು ಓದುತ್ತೀರಿ. ಮೇಘಾಗೆ ಕನ್ನಡ ಓದಲು ಬರುವುದಿಲ್ಲ, ದಯವಿಟ್ಟು ಓದಿ ಹೇಳಿ.
ಅವಳಪ್ಪ ಮುಗಿಸಿದ್ದ. ಫಸ್ಟ್ ಕ್ಲಾಸ್. ನೋಟಿಸ್ ಬೋರ್ಡಿನಲ್ಲಿ ಅವನ ಹೆಸರು ಎಲ್ಲರಿಗಿಂತ ಮೇಲಿತ್ತು. ಬೆರಳಿಟ್ಟು ನೋಡಿದವನು ನಾನು.
ಆ ಮಗು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ವರ್ಷ ನನ್ನ ಹತ್ತಿರ ಇತ್ತು...

ಇಷ್ಟೆಲ್ಲ ಓದಿದ ಮೇಲೂ ಶುಕ್ರವಾರ ಬನ್ನಿ ಎಂದರೆ ಬರುತ್ತೇನೆ.
ಬೇಡ ಎಂದರೆ... ಅದೇ ಸರಿ.

ಹೋಗಿ ಬಾ ನಂಜಾ.
ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ.
ನನಗೆ ಸಿಗುವುದು ಬೇಡ.